ಎಲ್ಲಿಗೆ ಎಂದು ಕೇಳಬಾರದು

ಯಾರದಾದರೂ ಮನೆಗೆ ಹೋಗುವುದು ಸುಲಭ. ಅಲ್ಲಿಂದ ಹೊರಡುವುದು ಕಷ್ಟ. ಲಂಡನ್ನಿನ ಸುತ್ತಮುತ್ತ ಇರುವ ನಮ್ಮ ಕನ್ನಡದವರ ಮನೆಗಳಲ್ಲಂತೂ ಹೊರಡುವುದೇ ಒಂದು ಪ್ರತ್ಯೇಕ ಕಾರ್ಯಕ್ರಮ. ಊಟವಾಗಿ, ಕಾಫಿಯಾಗಿ, ಯಾರೋ ಒಬ್ಬರು ಸೋಫಾದ ಮೇಲೆ ಕೂತಲ್ಲೇ ಎರಡೂ ತೊಡೆ ತಟ್ಟಿಕೊಂಡು "ಸರಿ ಹಾಗಾದ್ರೆ, ಬರೋಣ್ವಾ?" ಎನ್ನುತ್ತಾರೆ. ಇದನ್ನು ಕೇಳಿ ಅವರು ಹೊರಟರೆಂದು ತಿಳಿಯಬಾರದು. ಹೊರಡುವ ವಿಚಾರವನ್ನು ಸಭೆಯ ಮುಂದಿಟ್ಟರು, ಅಷ್ಟೆ. ಆಮೇಲೆ ಏಳುವುದು, ಕುಂಕುಮ ಇಡುವುದು, ಉಳಿದ ಬಿಸಿಬೇಳೆ ಭಾತನ್ನು ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ತುಂಬುವುದು. ಬಾಗಿಲಲ್ಲಿ ಶೂ ಹಾಕಿಕೊಳ್ಳುವಾಗಲೇ ನಿಜವಾಗಿ ಮುಖ್ಯವಾದ ವಿಷಯಗಳು ಹೊರಬರುತ್ತವೆ: ಯಾರ ಮಗನಿಗೆ ಪರೀಕ್ಷೆ ಬರೆದು ಸೇರುವ ಗ್ರಾಮರ್ ಸ್ಕೂಲ್ ಸಿಕ್ಕಿತು, ಯಾರಿಗೆ ಸಿಕ್ಕಲಿಲ್ಲ, ಸಿಕ್ಕದವರು ಯಾಕೆ ಇವತ್ತು ಊಟಕ್ಕೆ ಬರಲಿಲ್ಲ. ಮುಂದಿನ ಭಾಗ ಕಾರಿನ ಬಳಿ. ಎಂಜಿನ್ ಚಾಲೂ ಆಗಿ ಕಿಟಕಿ ಇಳಿದ ಮೇಲೂ ಮಾತು ನಡೆಯುತ್ತಲೇ ಇರುತ್ತದೆ. ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಮುದುಕರು ಪರದೆ ಸರಿಸಿ ನೋಡುತ್ತಾರೆ. ಮೊದಮೊದಲು ಇವರಿಗೇನೋ ಜಗಳವೆಂದುಕೊಂಡಿದ್ದರಂತೆ.

ಇಷ್ಟು ಹೊತ್ತಿನಲ್ಲಿ ಯಾರೊಬ್ಬರ ಬಾಯಿಂದಲೂ "ಹೋಗ್ತೀನಿ" ಎಂಬ ಮಾತು ಬರುವುದಿಲ್ಲ. "ಬರ್ತೀನಿ" ಎನ್ನಬೇಕು, ಇಲ್ಲವೇ "ಹೋಗಿ ಬರ್ತೀವಿ". ಬಾಗಿಲಲ್ಲಿ ನಿಂತವರು "ಹೂಂ, ಹೋಗಿ ಬನ್ನಿ" ಎನ್ನಬೇಕು. ಇದು ಒಂದನೆಯ ನಿಯಮ. ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಇದು ಎರಡನೆಯದು. ಮೈಸೂರಿನ ನಮ್ಮ ಮನೆಯಲ್ಲಿ ತಾತ ಕೊಡೆ ಹಿಡಿದು ಹೊಸ್ತಿಲು ದಾಟುವಾಗ ನಾವು ಮಕ್ಕಳು ಯಾರಾದರೂ "ತಾತ, ಎಲ್ಲಿಗೆ?" ಎಂದುಬಿಟ್ಟರೆ ಮುಗಿಯಿತು. ತಾತ ಕೊಡೆಯನ್ನು ಮೂಲೆಗಿಟ್ಟು, ಬಂದು ಕೂತು, ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಗೋಡೆ ನೋಡಿ, ಮತ್ತೆ ಹೊಸದಾಗಿ ಹೊರಡುತ್ತಿದ್ದರು. ಅಜ್ಜಿ ನಮ್ಮ ತಲೆಗೊಂದು ಮೊಟಕುತ್ತಿದ್ದಳು. "ಅಪಶಕುನದ ಮುಂಡೇವಾ! ಹೋಗೋರನ್ನ ಎಲ್ಲಿಗೆ ಅಂತ ಕೇಳ್ತಾರೇನ್ರೇ?"

ಮದುವೆಯಾಗಿ ಲಂಡನ್ನಿನ ಅಂಚಿನ ಸಟನ್ನಿಗೆ ಬಂದಾಗ ಈ ಎರಡು ನಿಯಮಗಳೂ ನನ್ನ ಜೊತೆಗೇ ಬಂದವು. ಹೀಥ್ರೂನಲ್ಲಿ ಕಸ್ಟಮ್ಸಿನವರು ಉಪ್ಪಿನಕಾಯಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಈ ನಿಯಮಗಳನ್ನು ಯಾರೂ ನೋಡಲಿಲ್ಲ. ನೋಡಿ ಅಲ್ಲೇ ತೆಗೆದಿಟ್ಟುಕೊಂಡಿದ್ದರೆ, ನಾನು ಈಗ ಹೇಳಲಿರುವ ಆ ಬೆಳಗ್ಗೆ ನಾನು ಬರಿಗಾಲಲ್ಲಿ ರಸ್ತೆಗೆ ಓಡಬೇಕಾಗುತ್ತಿರಲಿಲ್ಲ. ಆ ಬೆಳಗಿನದನ್ನು ಕಂಡಿದ್ದು ಕಂಡಷ್ಟೇ ಹೇಳುತ್ತೇನೆ. ಮಸಾಲೆ ಬೆರೆಸುವ ಅಭ್ಯಾಸ ನನಗೆ ಅಡುಗೆಮನೆಯಲ್ಲಿ ಮಾತ್ರ.

ನನ್ನ ಗಂಡ ಧಾರವಾಡದವರು, ಇಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ಜನರನ್ನು ನಿದ್ದೆ ಹೋಗಿಸುವುದು ಅವರ ಕೆಲಸ. ಮನೆಯಲ್ಲೂ ಅವರು ಮಾತಾಡುತ್ತಾ ಕೂತರೆ ಅದೇ ಪರಿಣಾಮ. ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಹಗಲು ಹೊತ್ತು ನನಗೆ ಮಾತಾಡಲು ಯಾರೂ ಇಲ್ಲದೆ ಸ್ಟೇಷನ್ನಿನ ಹತ್ತಿರದ ಒಂದು ಇಟಾಲಿಯನ್ ಕೆಫೆಯಲ್ಲಿ ಕೂತು ಟೀ ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಕೆಫೆಯ ಯಜಮಾನತಿ ಲೂಚಿಯಾ. ದಪ್ಪಗೆ, ಗಟ್ಟಿ ದನಿಯ, ಸದಾ ಏಪ್ರನ್ ಕಟ್ಟಿಕೊಂಡೇ ಇರುವ ಹೆಂಗಸು. ಅವಳು ಕೆಫೆಯ ಹಿಂದಿನ ಚರ್ಚ್ ಹಾಲನ್ನು ಬೆಳಗಿನ ಹೊತ್ತು ಬಾಡಿಗೆಗೆ ಹಿಡಿದು, ಇಟಲಿಯಿಂದ ಬಂದವರ ಮನೆಗಳ ಪುಟ್ಟ ಮಕ್ಕಳಿಗಾಗಿ ಒಂದು ಶಿಶುವಿಹಾರ ನಡೆಸುತ್ತಿದ್ದಳು. ಆ ಮಕ್ಕಳಿಗೆ ಮನೆಯಲ್ಲಿ ಕೇಳುವುದೆಲ್ಲ ಇಟಾಲಿಯನ್. ಇಂಗ್ಲಿಷ್ ಸ್ಕೂಲಿಗೆ ಸೇರುವ ಮೊದಲು ಆಪಲ್, ಶೂ, ಟಾಯ್ಲೆಟ್ ಎನ್ನುವಷ್ಟಾದರೂ ಬಾಯಿಗೆ ಬರಲಿ ಎಂಬುದು ಅವಳ ಆಸೆ. ನಾನು ಮೈಸೂರಿನಲ್ಲಿ ಶಿಶುವಿಹಾರದ ಟೀಚರಾಗಿದ್ದೆ ಎಂದು ಒಂದು ದಿನ ಬಾಯಿಬಿಟ್ಟೆ. ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ನೀನೇ ಬಾ, ಕಲಿಸು," ಎಂದಳು.

"ನಾನಾ? ಇಂಗ್ಲಿಷ್ ಕಲಿಸೋದಕ್ಕೆ ಇಂಗ್ಲಿಷರು ಬೇಡವೇ?"

"ಇಟ್ಟಿದ್ದೆ ಒಬ್ಬಳನ್ನ. ಬಾಯಿ ತೆರೆದರೆ ರೈಲು. ಪಾಪ, ಮಕ್ಕಳು ಪ್ಲಾಟ್‌ಫಾರ್ಮಿನಲ್ಲೇ ನಿಂತಿರುತ್ತಿದ್ದವು. ನೀನು ಒಂದು ಟೀ ಕೇಳೋದಕ್ಕೇ ಎಷ್ಟು ನಿಧಾನ ಮಾಡ್ತೀಯ! ನನ್ನ ಮಕ್ಕಳಿಗೆ ಅರ್ಥವಾಗುತ್ತೆ."

ನನ್ನ ನಿಧಾನವನ್ನು ಕಂಡು ಅಪ್ಪ, ಅಮ್ಮ, ಅತ್ತೆ, ಗಂಡ ಎಲ್ಲರೂ ಬೇರೆ ಬೇರೆ ಕಾಲದಲ್ಲಿ ಬೇಸತ್ತಿದ್ದರು. ಅದಕ್ಕೆ ಕೆಲಸ ಕೊಟ್ಟವಳು ಲೂಚಿಯಾ ಒಬ್ಬಳೇ. ಮನೆಗೆ ಬಂದು ಗಂಡನಿಗೆ ಹೇಳಿದೆ. "ಏನಂದಿ? ಇಂಗ್ಲಂಡಿನ್ಯಾಗ, ಇಟಲಿ ಹುಡುಗೂರಿಗೆ, ಮೈಸೂರಾಕಿ ಇಂಗ್ಲಿಷ್ ಕಲಸೂದು! ಛಲೋ ಆತು. ಇನ್ನ ಇಂಗ್ಲಿಷ್ ಮಂದಿಗೆ ಏನ್ ಕೆಲಸ ಉಳೀತು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಲಿಸುವುದಕ್ಕೆ ನನ್ನ ಹತ್ತಿರ ಪುಸ್ತಕವಿರಲಿಲ್ಲ, ಹಾಡಿತ್ತು. ಹಾಡೆಂದರೆ ನಾನೇ ಕಟ್ಟಿದ್ದು. ಧಾಟಿ ಮಾತ್ರ ನಮ್ಮ ಮದುವೆ ಮನೆಗಳದು. ಪೇಪರ್ ಪ್ಲೇಟಿಗೆ ಕೆಂಪು ಬಣ್ಣ ಬಳಿದು ಸೇಬು ಮಾಡಿಸುತ್ತಿದ್ದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು "ರೆಡ್ ಆಪಲ್, ರೌಂಡ್ ಆಪಲ್" ಎಂದು ಮಕ್ಕಳು ಆರತಿ ಹಾಡಿನ ಧಾಟಿಯಲ್ಲಿ ಎತ್ತಿ ಇಳಿಸಿ ಹಾಡುವಾಗ, ಹಾಲಿನ ಗೋಡೆಯ ಮೇಲಿನ ಶಿಲುಬೆಗೆ ಯಾರೋ ಆರತಿ ಎತ್ತುತ್ತಿದ್ದಾರೇನೋ ಎನಿಸುತ್ತಿತ್ತು. ನೆಲದ ಮೇಲೆ ಕೂತು ಉರುಳಿ ಕಲಿಯುವ ಮಕ್ಕಳಾದ್ದರಿಂದ ಎಲ್ಲರೂ ಶೂಗಳನ್ನು ಬಾಗಿಲ ಬಳಿ ಸಾಲಾಗಿ ಬಿಡಬೇಕೆಂದು ನಿಯಮ ಮಾಡಿದ್ದೆ. ಮೊದಲು ಬಿಟ್ಟವಳು ನಾನು. ತಪ್ಪುಗಳೂ ಆದವು. ತಿಂಗಳಿಗೊಮ್ಮೆ ನಾವು ಲಂಡನ್ನಿನ ಆ ತುದಿಯ ಕ್ವೀನ್ಸ್‌ಬರಿಗೆ ಹೋಗಿ ನಮ್ಮ ಕಡೆಯ ದಿನಸಿ ತರುತ್ತಿದ್ದೆವು, ಅಲ್ಲಿಂದ ಒಮ್ಮೆ ಪುಟ್ಟ ಪುಟ್ಟ ಬದನೆಕಾಯಿ ತಂದು "ಬ್ರಿಂಜಾಲ್" ಎಂದು ಕಲಿಸಿದೆ. ಮರುದಿನವೇ ಲೂಚಿಯಾ ಬಂದು, ಈ ದೇಶದಲ್ಲಿ ಅದಕ್ಕೆ ಹಾಗೆನ್ನುವುದಿಲ್ಲ, ಆಬರ್ಜೀನ್ ಎನ್ನುತ್ತಾರೆಂದೂ, ತರಕಾರಿ ಅಂಗಡಿಯಲ್ಲಿ ಒಬ್ಬ ತಾಯಿ ಮಗಳ ಮಾತು ನಂಬಿ ಕೇಳಿ ಪೆಚ್ಚಾದಳೆಂದೂ ಹೇಳಿದಳು. ಅಲ್ಲಿಂದ ಮುಂದೆ ನಮ್ಮ ಪಾಠದಲ್ಲಿ ಬದನೆಕಾಯಿ ಬರಲಿಲ್ಲ. ಆಲೂಗಡ್ಡೆಯಲ್ಲಿ ಯಾರಿಗೂ ತಕರಾರಿಲ್ಲ.

ಕಷ್ಟವಾದದ್ದು ಪಿಯೆತ್ರೊ ಬಂದಾಗ. ನಾಲ್ಕು ವರ್ಷದ ಹುಡುಗ. ಗುಂಡು ಮುಖ, ಮುಖದಲ್ಲಿ ನ್ಯಾಯಾಧೀಶರ ಗಾಂಭೀರ್ಯ. ಅವನ ತಾಯಿ ಜೊವಾನ್ನಾಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಿನ ಕೆಲಸ ಹೊಸದಾಗಿ ಸಿಕ್ಕಿತ್ತು. ಗಂಡ ರೆಸ್ಟೋರೆಂಟಿನಲ್ಲಿ ರಾತ್ರಿ ದುಡಿದು ಬೆಳಗ್ಗೆ ಮಲಗುವವನು. ಮಗು ಶಿಶುವಿಹಾರದಲ್ಲಿ ನಿಂತರೆ ಅವಳ ಕೆಲಸ ಉಳಿಯುತ್ತದೆ, ನಿಲ್ಲದಿದ್ದರೆ ಬಿಡಬೇಕು. ಇದಕ್ಕಿಂತ ಹೆಚ್ಚಿನ ದಾರಿ ಅವರಿಗಿರಲಿಲ್ಲ. ಅವಳು ದಿನಾ ಕಣ್ಣಲ್ಲೇ ಅದನ್ನು ಹೇಳಿ ಹೋಗುತ್ತಿದ್ದಳು. ಆದರೆ ಲೂಚಿಯಾಳ ಹಳೆಯ ಕ್ಯಾಸೆಟ್ಟಿನಲ್ಲಿ ಬೆಳಗ್ಗೆ ತಾಯಂದಿರಿಗೆ ಬೈ-ಬೈ ಹೇಳುವ ಹಾಡೊಂದಿತ್ತು. ಅದು ಶುರುವಾದರೆ ಸಾಕು, ಪಿಯೆತ್ರೊ ಜೊವಾನ್ನಾಳ ಕಾಲಿಗೆ ಎರಡು ಕೈಯಲ್ಲೂ ತೆಕ್ಕೆ ಬೀಳುತ್ತಿದ್ದ. ಅವನನ್ನು ಬಿಡಿಸುವುದಕ್ಕೆ ಇಬ್ಬರು ಬೇಕು. ಬಿಡಿಸಿದ ಮೇಲೆ ಬರುವ ಅಳು ಕೆಫೆಯವರೆಗೆ ಕೇಳುತ್ತಿತ್ತು. ಬಸ್ ಸ್ಟಾಪಿಗೆ ಓಡುವ ಜೊವಾನ್ನಾಳೂ ಅಳುತ್ತಲೇ ಓಡುತ್ತಿದ್ದಳು.

ನಿಜ ಹೇಳಬೇಕೆಂದರೆ ಆ ಹಾಡು ನನಗೂ ಹಿಡಿಸುತ್ತಿರಲಿಲ್ಲ. ಬೆಳಗ್ಗೆ ಬೆಳಗ್ಗೆ ಹೊರಡುವ ತಾಯಂದಿರಿಗೆ ಹೋಗು ಹೋಗು ಎಂದು ಕೈಬೀಸಿ ಹಾಡುವುದೆಂದರೆ! ಅಜ್ಜಿ ಕೇಳಿದ್ದರೆ ನನ್ನ ತಲೆಗೇ ಮೊಟಕುತ್ತಿದ್ದಳು. ಒಂದು ಸೋಮವಾರ ಕ್ಯಾಸೆಟ್ ಹಾಕಲಿಲ್ಲ. ಒಂದು ಮರದ ಸೌಟಿಗೆ ಕಣ್ಣು ಮೂಗು ಬರೆದು, ಕರವಸ್ತ್ರ ಸುತ್ತಿ ಅಮ್ಮನನ್ನು ಮಾಡಿದೆ. "ಮಮ್ಮಾ ಗೋ" ಎಂದು ಹಾಡುತ್ತಾ ಸೌಟನ್ನು ಕುರ್ಚಿಯ ಹಿಂದೆ ಮರೆ ಮಾಡಿದೆ. ಪಿಯೆತ್ರೊನ ತುಟಿ ಅದುರಿತು. "ಮಮ್ಮಾ ಕಮ್" ಎಂದು ಹಾಡಿ ಈಚೆಯಿಂದ ತೆಗೆದೆ. ತುಟಿ ನಿಂತಿತು. ಮತ್ತೆ ಕಳಿಸಿದೆ, ಮತ್ತೆ ಕರೆಸಿದೆ. ಆ ಬೆಳಗ್ಗೆಯೆಲ್ಲ ಸೌಟಮ್ಮ ಕುರ್ಚಿಯ ಹಿಂದಕ್ಕೆ ಹೋಗಿ ಬಂದು ಮಾಡಿದಳು. ಆಮೇಲೆ ಸೇಬು ಹೋಗಿ ಬಂತು, ಶೂ ಹೋಗಿ ಬಂತು, ಸಿರಿಯಲ್ ಡಬ್ಬಿಯಲ್ಲಿ ಮಾಡಿ ಕೆಂಪು ಬಳಿದ ಬಸ್ಸು ಹೋಗಿ ಬಂತು. ವಸ್ತು ಯಾವುದಾದರೇನು, ಹೋದದ್ದು ತಿರುಗಿ ಬಂದ ಕೂಡಲೇ ಅದರ ಹೆಸರನ್ನು ಮಕ್ಕಳು ಸಂತೋಷದಿಂದ ಕಿರುಚುತ್ತಿದ್ದವು. ಅಷ್ಟು ಚೆನ್ನಾಗಿ ಇಂಗ್ಲಿಷ್ ಪದಗಳು ಅವುಗಳ ತಲೆಗೆ ಹಿಂದೆಂದೂ ಹತ್ತಿರಲಿಲ್ಲ. ಬಾಗಿಲಲ್ಲಿ ತಾಯಂದಿರೂ "ಐ ಗೋ, ಐ ಕಮ್" ಎಂದು ಹೇಳಿ ಹೋಗಬೇಕೆಂದಾಯಿತು. ಪಿಯೆತ್ರೊ ಜೊವಾನ್ನಾಳ ಬಾಯಿಂದ ಎರಡೂ ಮಾತನ್ನು ಪೂರ್ತಿ ಹೇಳಿಸಿಕೊಂಡು, ತಲೆಯಾಡಿಸಿ, ಕಾಲು ಬಿಡುತ್ತಿದ್ದ. ಅಳು ನಿಂತಿತು. ಜೊವಾನ್ನಾ ಬಸ್ ಸ್ಟಾಪಿಗೆ ನಡೆದುಕೊಂಡೇ ಹೋಗತೊಡಗಿದಳು. ನನಗೆ ಸ್ವಲ್ಪ ಹೆಮ್ಮೆಯಾಯಿತು. ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಇಟಲಿಯವರಿಗೆ ಕೊಟ್ಟೆನೆಂದು ಮನೆಯಲ್ಲಿ ಹೇಳಿಕೊಂಡೆ. "ಅಮ್ಮಾ, ನೋಬಡಿ ಟಾಕ್ಸ್ ಲೈಕ್ ದಟ್," ಎಂದಳು ಮಗಳು. ಅವಳು ಕನ್ನಡದಲ್ಲಿ ಬೈಸಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಈಗ ಆ ಬೆಳಗ್ಗೆ. ಚಳಿ ಇತ್ತು, ಮಳೆ ಇರಲಿಲ್ಲ. ದಿನಾ ಸರದಿಯ ಮೇಲೆ ಒಬ್ಬ ತಾಯಿ ಬಾಗಿಲ ಬಳಿ ಕೂರುತ್ತಿದ್ದಳು. ಅವತ್ತು ಕೂತವಳು ಹಣ್ಣು ಹೆಚ್ಚಲು ಒಳಗಿನ ಅಡುಗೆಮನೆಗೆ ಹೋಗಿದ್ದಳು. ನಾನು ಮೊಣಕಾಲೂರಿ ಕೂತು ಒಂದು ಹುಡುಗಿಯ ಬೆರಳಿಗೆ ಅಂಟಿದ ಗೋಂದನ್ನು ಬಿಡಿಸುತ್ತಿದ್ದೆ. ಹಿಂದಿನಿಂದ ಸ್ಪಷ್ಟವಾಗಿ, ಮರ್ಯಾದೆಯಾಗಿ ಒಂದು ದನಿ ಬಂತು.

"ಮಿಸ್, ಐ ಗೋ, ಐ ಕಮ್."

ನಾನು ತಲೆ ಎತ್ತಲಿಲ್ಲ. "ಹೂಂ, ಹೋಗಿ ಬಾ ಕಂದ," ಎಂದೆ. ಕನ್ನಡದಲ್ಲೇ ಎಂದೆ. ಉಳಿದ ಮಕ್ಕಳು ಕೈಬೀಸಿ "ಗೋ! ಕಮ್!" ಎಂದು ಕೂಗಿದರು. ಬಾಗಿಲು ತೆರೆದ ಸದ್ದು ಕೇಳಿತು, ಮುಚ್ಚಿದ ಸದ್ದೂ ಕೇಳಿತು. ಯಾವುದೂ ನನಗೆ ವಿಚಿತ್ರವೆನಿಸಲಿಲ್ಲ. ಹೊರಟವರು ಹೇಳಬೇಕಾದ ಮಾತು ಹೇಳಿದ್ದರು, ನಿಂತವಳು ಹೇಳಬೇಕಾದ ಮಾತು ಹೇಳಿದ್ದಳು. ನಾನು ಗೋಂದು ಬಿಡಿಸಿ ಮುಗಿಸಿದೆ. ಆ ಹುಡುಗಿಯ ಕೈ ಒರೆಸಿದೆ. ಆಮೇಲೆ ಸುಮ್ಮನೆ ಬಾಗಿಲ ಕಡೆ ನೋಡಿದೆ. ಶೂಗಳ ಸಾಲಿನಲ್ಲಿ, ಹಲ್ಲು ಬಿದ್ದ ಬಾಯಿಯ ಹಾಗೆ, ಒಂದು ಜೊತೆಯ ಜಾಗ ಖಾಲಿ ಇತ್ತು.

ಹಾಲಿನ ಬಾಗಿಲು ಬಸ್ಸು ಓಡಾಡುವ ರಸ್ತೆಗೇ ತೆರೆಯುತ್ತದೆ. ಅಡುಗೆಮನೆಯ ತಾಯಿಯನ್ನು ಕೂಗಿ ಮಕ್ಕಳ ಬಳಿ ಕೂರಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ಕಾಲಿಗೆ ತಾಗಿದ ಫುಟ್‌ಪಾತಿನ ತಂಪು. ನನ್ನ ಚಪ್ಪಲಿ ಹಾಲಿನ ಬಾಗಿಲಲ್ಲೇ ಇತ್ತು. ಸಲ್ವಾರ್, ಅದರ ಮೇಲೆ ಬಣ್ಣ ಮೆತ್ತಿದ ಏಪ್ರನ್, ಬರಿಗಾಲು. ಬಲಕ್ಕೆ ನೋಡಿದೆ, ಯಾರೂ ಇಲ್ಲ. ಎಡಕ್ಕೆ ನೋಡಿದೆ. ಬಸ್ ಸ್ಟಾಪಿನಲ್ಲಿ ಕೆಲವರು ಕ್ಯೂ ನಿಂತಿದ್ದರು. ಎಲ್ಲರಿಗಿಂತ ಮುಂದೆ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಬಲಗಾಲಿನ ಶೂವನ್ನು ಎಡಗಾಲಿಗೆ ಎಡಗಾಲಿನದನ್ನು ಬಲಗಾಲಿಗೆ ತೊಟ್ಟು, ಸಿರಿಯಲ್ ಡಬ್ಬಿಯ ಕೆಂಪು ಬಸ್ಸನ್ನು ಎದೆಗವಚಿಕೊಂಡು ಪಿಯೆತ್ರೊ ನಿಂತಿದ್ದ. ನಾನು ಓಡಿ ಹೋಗಿ ಎಲ್ಲರನ್ನೂ ದಾಟಿ ಮುಂದೆ ನುಗ್ಗಿದೆ. ಹಿಂದಿನಿಂದ ಯಾರೋ ಗಂಟಲು ಸರಿಪಡಿಸಿಕೊಂಡು, "ಕ್ಯೂ ಇದೆ, ಮೇಡಂ," ಎಂದರು.

ತರಕಾರಿಯ ಗಾಲಿಚೀಲ ಹಿಡಿದಿದ್ದ ಒಬ್ಬ ಮುದುಕಿ ಪಿಯೆತ್ರೊನ ಕೋಟಿನ ಟೊಪ್ಪಿಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದಳು. ಅವನಿಗೆ ಗೊತ್ತಾಗದಷ್ಟು ಮೆಲ್ಲಗೆ, ಆದರೆ ಬಿಡದೆ. "ನಿಮ್ಮವನೇ, ಡಿಯರ್?" ಎಂದು ಕೇಳಿದಳು. "ಯಾರಾದರೂ ಬರ್ತಾರೆ ಅಂತ ನನ್ನ ಬಸ್ಸನ್ನ ಹೋಗೋಕೆ ಬಿಟ್ಟೆ." ಹೌದೆಂದು ತಲೆಯಾಡಿಸಿದೆ. ಸ್ಟಾಪಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅವಳು ನನ್ನ ಪಾದಗಳನ್ನು ನೋಡಿ, ಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಕೊಟ್ಟಳು. ಆ ಮುದುಕಿಯನ್ನು ನಾನು ಮತ್ತೆ ನೋಡಲಿಲ್ಲ. ಇವತ್ತಿಗೂ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡಾಗ ಅವಳ ಎರಡು ಬೆರಳು ನೆನಪಾಗುತ್ತವೆ, ಅವಳು ಎಲ್ಲಿದ್ದರೂ ತಣ್ಣಗಿರಲಿ ಎಂದುಕೊಳ್ಳುತ್ತೇನೆ.

ಪಿಯೆತ್ರೊಗೆ ಮಾತ್ರ ನನ್ನ ಮೇಲೆ ಕೋಪ. "ಮಿಸ್! ಐ *ಕಮ್*!" ಎಂದ. ಬರ್ತೀನಿ ಅಂತ ಹೇಳಿ ಬಂದಿದ್ದೀನಲ್ಲ, ನೀನ್ಯಾಕೆ ಹಿಂದೆ ಬಂದೆ ಎಂಬ ಅರ್ಥದಲ್ಲಿ. ಅಮ್ಮ ಬಸ್ಸಿನಲ್ಲಿ ಹೋಗುತ್ತಾಳೆ, ಬಸ್ಸಿನಲ್ಲಿ ಬರುತ್ತಾಳೆ. ಆದ್ದರಿಂದ ತನ್ನದೊಂದು ಬಸ್ಸು ತೆಗೆದುಕೊಂಡು ಕರೆತರಲು ಹೊರಟಿದ್ದ. ನಾವಿಬ್ಬರೂ ಕೈ ಹಿಡಿದುಕೊಂಡು ಹಾಲಿಗೆ ನಡೆದೆವು. ಯಾರು ಯಾರ ಕೈ ಹಿಡಿದಿದ್ದರು ಎಂದು ಕೇಳಿದರೆ, ಅವನು ನನ್ನದು ಎಂದೇ ಹೇಳಬೇಕು.

ಮಧ್ಯಾಹ್ನ ಲೂಚಿಯಾ ಕೆಫೆಯಿಂದ ಓಡಿ ಬಂದಳು. ಜೊವಾನ್ನಾ ಇನ್ನೂ ಬಂದಿರಲಿಲ್ಲ. "ನೀನು ಆ ಕಡೆ ತಿರುಗಿದ್ದೆ, ಹುಡುಗ ನುಸುಳಿಕೊಂಡ. ಅಷ್ಟು ಹೇಳು ಸಾಕು. ಮಕ್ಕಳಂದರೆ ನುಸುಳುತ್ತವೆ," ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ನುಸುಳಲಿಲ್ಲ, ಲೂಚಿಯಾ. ಹೇಳಿಯೇ ಹೋದ."

"ನಿನಗೆ ಕೇಳಿಸಲಿಲ್ಲ, ಅಷ್ಟೇ ತಾನೇ?"

"ಕೇಳಿಸಿತು. ಹೋಗಿ ಬಾ ಅಂದೆ."

ಲೂಚಿಯಾ ಏಪ್ರನ್ನಿನಲ್ಲಿ ಕೈ ಒರೆಸುವುದನ್ನು ನಿಲ್ಲಿಸಿದಳು. "ನಾಲ್ಕು ವರ್ಷದ ಮಗು ಕೋಟು ಹಾಕಿಕೊಂಡು ಹೋಗ್ತೀನಿ ಅಂದರೆ, ನೀನು ಎಲ್ಲಿಗೆ ಅಂತ ಕೇಳಲಿಲ್ಲವಾ?"

"ಕೇಳಬಾರದು," ಎಂದೆ.

ತಾತ, ಕೊಡೆ, ಲೋಟದ ನೀರು, ಅಜ್ಜಿಯ ಮೊಟಕು ಎಲ್ಲವನ್ನೂ ನಿಧಾನವಾಗಿ, ಕ್ರಮವಾಗಿ ಅವಳಿಗೆ ವಿವರಿಸಿದೆ. ಲೂಚಿಯಾ ಇಟಾಲಿಯನ್ನಿನಲ್ಲಿ ಯಾವುದೋ ದೇವರ ತಾಯಿಯನ್ನು ಕರೆದಳು. ಆಗಲೇ ಜೊವಾನ್ನಾ ಬಂದಳು. ಹಣೆಯ ಮೇಲೆ ಅಡುಗೆಮನೆಯ ಟೋಪಿಯ ಗೆರೆ ಇನ್ನೂ ಇತ್ತು. ನಾನು ಹೇಳುತ್ತಾ ಹೋದೆ, ಲೂಚಿಯಾ ಅವಳ ಭಾಷೆಗೆ ತಿರುಗಿಸುತ್ತಾ ಹೋದಳು. ಅಪಶಕುನದ ಭಾಗ ಬಂದಾಗ ಲೂಚಿಯಾ ನನ್ನ ಮುಖ ನೋಡಿದಳು. ಅದನ್ನೂ ಹೇಳು ಎಂದೆ. ಜೊವಾನ್ನಾಳ ಮುಖ ಬಿಳಚಿತು. ನೆಲದ ಮೇಲೆ ಕೂತು ಮಗನ ಶೂಗಳನ್ನು ಬಿಚ್ಚಿ, ಅದಲು ಬದಲಾದದ್ದನ್ನು ಸರಿಯಾಗಿ ತೊಡಿಸಿ, ಲೇಸು ಕಟ್ಟಿ, ಅವನನ್ನೆತ್ತಿಕೊಂಡು ಹೊರಟಳು. ಅವಳ ಭುಜದ ಮೇಲಿಂದ ಪಿಯೆತ್ರೊ "ಐ ಗೋ, ಐ ಕಮ್" ಎಂದ. ಅವತ್ತು ಹೋಗಿ ಬಾ ಎನ್ನುವ ಬದಲು ನಾನು ಸೌಟಮ್ಮನನ್ನು ಕಪಾಟಿನೊಳಗೆ ಇಟ್ಟೆ.

ಸಂಜೆ ಮನೆಯಲ್ಲಿ ಗಂಡ ನನ್ನ ಕಾಲಿಗೆ ಬಿಸಿನೀರು ತಂದಿಟ್ಟರು. "ಖರೇ ಹೇಳಿದ್ದು ಛಲೋ ಆತು ಬಿಡು. ಆದ್ರ ಇಷ್ಟೊಂದು ಖರೇ ಯಾರು ಹೇಳ್ತಾರ?" ಎಂದರು. ಮಗಳು ಓದುತ್ತಿದ್ದ ಪುಸ್ತಕ ಮುಚ್ಚಿದಳು. "ಲೆಟ್ ಮಿ ಗೆಟ್ ದಿಸ್ ರೈಟ್. ಯು ಲೆಟ್ ಎ ಕಿಡ್ ವಾಕ್ ಔಟ್ ಬಿಕಾಸ್ ಆಫ್ *ಮುತ್ತಜ್ಜಿ*?" ಅವಳ ಆ ವಾಕ್ಯದಲ್ಲಿದ್ದ ಒಂದೇ ಒಂದು ಕನ್ನಡ ಪದ ಅಷ್ಟು ಚೆನ್ನಾಗಿ ಚುಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ. ಜೊವಾನ್ನಾ ಮಗನನ್ನು ಇನ್ನು ಕಳಿಸುವುದಿಲ್ಲ, ಅವಳ ಕೆಲಸ ನನ್ನಿಂದ ಹೋಯಿತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಾಗಿಲ ಕಡೆ ತಿರುಗಿಯೂ ನೋಡದವಳ ಕೈಗೆ ಯಾರೂ ಮಕ್ಕಳನ್ನು ಕೊಡಬಾರದು ಎಂದು ತೀರ್ಮಾನಿಸಿದೆ. ಮರುದಿನ ಹೋಗಿ ಮಕ್ಕಳಿಗೆ ಒಂದೇ ಒಂದು ಪಾಠ ಹೇಳಿಕೊಟ್ಟು ಕೆಲಸ ಬಿಟ್ಟುಬರುವುದು. ನನ್ನ ಹಾಡುಗಳಲ್ಲಿ "ವಾಟ್" ಇತ್ತು, ಯಾರು ಎನ್ನುವ "ಹೂ" ಇತ್ತು, ಎಲ್ಲಿ ಎನ್ನುವ "ವೇರ್" ಎಲ್ಲೂ ಇರಲಿಲ್ಲ. ಇದು ನನಗೆ ಹೊಳೆದದ್ದೇ ಅವತ್ತು. ನನಗರಿವಿಲ್ಲದೆಯೇ ಅಜ್ಜಿ ನನ್ನ ಪಾಠಗಳನ್ನು ತಿದ್ದಿದ್ದಳು.

ಬೆಳಗ್ಗೆ ಗಂಡ ಚೀಲ ಹಿಡಿದು "ಬರ್ತೀನಿ" ಎಂದಾಗ ಅಭ್ಯಾಸಕ್ಕೆಂದು, ಕಣ್ಣು ಮುಚ್ಚಿಕೊಂಡು, "ಎಲ್ಲಿಗೆ?" ಎಂದೆ. ಇಪ್ಪತ್ತು ವರ್ಷ ವಿಜ್ಞಾನ ಓದಿದ ಮನುಷ್ಯ ಹೊಸ್ತಿಲಲ್ಲೇ ಕಲ್ಲಾದರು. "ಏನಽ ಇದು! ಇವತ್ತ ದೊಡ್ಡ ಆಪರೇಶನ್ ಅದ ನನಗ!" ಎಂದು ಒಳಗೆ ಬಂದು ಕೂತು ನೀರು ಕುಡಿದೇ ಹೋದರು.

ಹಾಲಿನ ಬಾಗಿಲಿಗೆ ಲೂಚಿಯಾಳ ಗಂಡ ಆಗಲೇ ಹೊಸ ಚಿಲಕ ಹಾಕಿದ್ದ. ಯಾವ ಮಗುವಿಗೂ ಎಟುಕದಷ್ಟು ಎತ್ತರದಲ್ಲಿ. ನನಗೂ ಎಟುಕುತ್ತಿರಲಿಲ್ಲ. ಮಕ್ಕಳು ಒಬ್ಬೊಬ್ಬರೇ ಬಂದರು, ಶೂಗಳ ಸಾಲು ಬೆಳೆಯಿತು. ಎಲ್ಲರೂ ಬಂದಾದ ಮೇಲೂ ನಾನು ಬಾಗಿಲ ಹತ್ತಿರವೇ ಏನೋ ಕೆಲಸವಿರುವವಳಂತೆ ನಿಂತಿದ್ದೆ. ಕೊನೆಗೆ ಜೊವಾನ್ನಾ ಬಂದಳು. ಅವಳ ಹಿಂದೆ ಪಿಯೆತ್ರೊ ಇದ್ದ, ಕಂಕುಳಲ್ಲಿ ಬಸ್ಸು.

ಜೊವಾನ್ನಾ ಲೂಚಿಯಾಗೆ ಬಹಳ ಹೊತ್ತು ಏನೋ ಹೇಳಿದಳು. ಲೂಚಿಯಾ ನನಗೆ ಅದನ್ನು ಚಿಕ್ಕದು ಮಾಡಿ ಹೇಳಿದಳು. "ರಾತ್ರಿ ಊಟ ಮಾಡಲಿಲ್ಲವಂತೆ ಇವನು. ಕೋಟು ತೆಗೆಯೋಕೂ ಬಿಡಲಿಲ್ಲವಂತೆ. ಬರ್ತೀನಿ ಅಂತ ಮಿಸ್‌ಗೆ ಹೇಳಿದ್ದೀನಿ, ಹೋಗಲೇಬೇಕು ಅಂತ ಹಠ. ಇವಳು ನಿನಗೆ ಬೈಯಬೇಕು ಅಂತಲೇ ಬಂದಳಂತೆ. ದಾರಿಯಲ್ಲಿ ಯೋಚನೆ ಬಂತಂತೆ, ಮೊದಲೆಲ್ಲ ಇವನು ಹೋದವರು ಹೋದರು ಅಂದುಕೊಂಡು ಅಳ್ತಿದ್ದ. ಈಗ ಬರ್ತಾರೆ ಅಂತ ನಂಬಿದಾನೆ. ಬೈಯೋದು ಕಷ್ಟವಾಯ್ತಂತೆ."

ಜೊವಾನ್ನಾ ನನ್ನ ಕಡೆ ತಿರುಗಿದಳು. ತನಗೆ ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಬೆರಳೆತ್ತಿ, ಒಂದೊಂದೇ ಪದ ಇಟ್ಟಳು. "ಮಿಸ್. ಪ್ಲೀಸ್. ನೌ ಯು ಆಸ್ಕ್." ಆಮೇಲೆ ಮಗನಿಗೆ "ಐ ಗೋ, ಐ ಕಮ್" ಎಂದು ಎರಡೂ ಮಾತು ಪೂರ್ತಿ ಹೇಳಿ, ಬಸ್ಸಿಗೆ ಹೋದಳು. ನಾನು ಗೋಡೆಯ ಕಡೆ ತಿರುಗಿ ಪೇಪರ್ ಪ್ಲೇಟುಗಳನ್ನು ಎಣಿಸಿದಂತೆ ಮಾಡಿದೆ.

ಕೇಳಿದೆ. ಅವತ್ತೆಲ್ಲ ಅದೊಂದನ್ನೇ ಕಲಿಸಿದೆ. ಸೌಟಮ್ಮ ಹೊರಟಾಗ ಎಲ್ಲರೂ ಕೈ ಸೊಂಟದ ಮೇಲಿಟ್ಟುಕೊಂಡು "ವೇರ್?" ಎಂದು ಕೇಳಬೇಕು. "ಶಾಪ್!" ಎಂದು ಸೌಟಮ್ಮ ಹೇಳಿದ ಮೇಲೆ ಮಾತ್ರ ಅವಳನ್ನು ಬಿಡಬೇಕು. ಸೇಬಿಗೂ ಕೇಳಿದರು, ಶೂಗೂ ಕೇಳಿದರು. ಟಾಯ್ಲೆಟ್, ಕಿಚನ್, ಪಾರ್ಕ್, ಹಾಸ್ಪಿಟಲ್ ಎಂದು ಒಂದೇ ಬೆಳಗ್ಗೆ ಎಷ್ಟು ಜಾಗಗಳ ಹೆಸರು ಕಲಿತರೆಂದರೆ, ಈ ಪದವನ್ನು ಇಷ್ಟು ದಿನ ಬಚ್ಚಿಟ್ಟಿದ್ದಕ್ಕೆ ನನಗೇ ಪಶ್ಚಾತ್ತಾಪವಾಯಿತು. ಆದರೂ ಬಿಟ್ಟುಹೋಗುವ ತೀರ್ಮಾನ ಬದಲಾಗಿರಲಿಲ್ಲ. ಪಾಠ ಮುಗಿದ ಮೇಲೆ, ಮಕ್ಕಳ ಬಳಿ ಲೂಚಿಯಾ ಇದ್ದಾಗ, ಕೋಟು ಹಾಕಿಕೊಂಡೆ, ಚಪ್ಪಲಿ ಮೆಟ್ಟಿದೆ, ಬಾಗಿಲ ಬಳಿ ನಿಂತೆ. ನಾನು ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದು ಹೇಳಬೇಕಾಗಿತ್ತು. ಇಂಗ್ಲಿಷಿನಲ್ಲಿ ಅದು ಬಹಳ ಸುಲಭ, ಎಲ್ಲರಿಗೂ ಬರುತ್ತದೆ. ನನ್ನ ನಾಲಿಗೆಗೆ ಮಾತ್ರ ಬಾಗಿಲಲ್ಲಿ ನಿಂತು ಅಂಥ ಮಾತು ಹೇಳಿ ಅಭ್ಯಾಸವೇ ಇರಲಿಲ್ಲ. ಬಾಯಿ ತೆರೆದಾಗ ಹೊರಬಿದ್ದದ್ದು ಎಂದಿನದೇ: "ಐ ಗೋ, ಐ ಕಮ್."

ಪಿಯೆತ್ರೊ ಎದ್ದು ಬಂದ. ಬಾಗಿಲಿಗೆ ಅಡ್ಡ ನಿಂತ. ಎರಡೂ ಕೈ ಸೊಂಟದ ಮೇಲಿಟ್ಟ.

"ವೇರ್?"

ಹಿಂದಿನಿಂದ ಉಳಿದವರೆಲ್ಲ "ವೇರ್? ವೇರ್?" ಎಂದು ಕೂಗಿದರು. ಜೀವಮಾನದಲ್ಲಿ ಮೊದಲ ಸಲ, ಹೊರಟು ನಿಂತ ನನ್ನನ್ನು ಹೀಗೆ ಕೇಳಿದ್ದು. ಅದೂ ಒಬ್ಬರಲ್ಲ, ಒಂದು ಹಾಲ್ ತುಂಬ ಮಕ್ಕಳು. ತಾತನಂತೆಯೇ ಹಿಂದಿರುಗಿ, ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ಕೂತೆ. ನನ್ನ ಮುಖ ನೋಡಿ ಏನಾಯಿತೋ ಎಂದು ಲೂಚಿಯಾ ಒಂದು ಲೋಟ ನೀರು ತಂದುಕೊಟ್ಟಳು. ನಮ್ಮ ಶಾಸ್ತ್ರ ಅವಳಿಗೇನು ಗೊತ್ತು? ಆದರೂ ಒಂದು ಹೆಜ್ಜೆಯೂ ತಪ್ಪದೆ ನಡೆಸಿಕೊಟ್ಟಳು. ನೀರು ಕುಡಿದೆ. ಸ್ವಲ್ಪ ಹೊತ್ತು ಗೋಡೆ ನೋಡಿದೆ. ಆ ಪ್ರಯಾಣ ರದ್ದಾಯಿತು. ಕೋಟು ತೆಗೆದು ಗೂಟಕ್ಕೆ ಹಾಕಿದೆ.

ಹಾಗೆ ಹಾಕಿದ ಕೋಟು, ಆ ಮಕ್ಕಳು ಸ್ಕೂಲಿಗೆ ಹೋಗಿ ಅವರ ತಮ್ಮ ತಂಗಿಯರು ಬಂದು ಅವರೂ ಹೋದರೂ, ದಿನಾ ಬೆಳಗ್ಗೆ ಅದೇ ಗೂಟಕ್ಕೇ ಬರುತ್ತಿತ್ತು. ಜೊವಾನ್ನಾ ಆಸ್ಪತ್ರೆಯ ಅಡುಗೆಮನೆಯಲ್ಲೇ ಉಳಿದಳು. "ಕ್ಯಾಂಟೀನಿನ್ಯಾಗ ಒಬ್ಬಾಕಿ ನನ್ನ ಮಾರಿ ನೋಡಿದ ಕೂಡ್ಲೆ ಒಂದು ಆಲೂಗಡ್ಡಿ ಜಾಸ್ತಿ ಹಾಕ್ತಾಳ. ಏನ್ ಮಾಡೀ ನೀ ಆಕೀಗೆ?" ಎಂದು ನನ್ನ ಗಂಡ ವರ್ಷಗಟ್ಟಲೆ ಕೇಳುತ್ತಿದ್ದರು. ಕೊಟ್ಟವಳು ಅವಳು, ಕೊಟ್ಟದ್ದು ನನ್ನ ಲೆಕ್ಕಕ್ಕೆ, ದಪ್ಪಗಾದವರು ಅವರು.

ಆದರೆ ಒಂದು ಕೇಡೂ ಆಯಿತು. ಅಷ್ಟು ವರ್ಷ ದಿನಾ ಕಲಿಸಿದ ಪದ ನನ್ನ ನಾಲಿಗೆಯಲ್ಲೇ ಮನೆ ಮಾಡಿಬಿಟ್ಟಿದೆ. ಈಗ ನಮ್ಮ ಮನೆಗೆ ಬಂದವರು ಊಟ ಮುಗಿಸಿ, ಕುಂಕುಮ ಇಡಿಸಿಕೊಂಡು, ಡಬ್ಬಿ ತೆಗೆದುಕೊಂಡು, ಶೂ ಹಾಕಿ, ಕೊನೆಗೂ ಬಾಗಿಲಲ್ಲಿ ನಿಂತು "ಬರ್ತೀವಿ" ಎಂದಾಗ ನನ್ನ ಬಾಯಿಂದ "ಎಲ್ಲಿಗೆ?" ಎಂದು ಬಂದುಬಿಡುತ್ತದೆ. ಗಂಡ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಬಂದವರಲ್ಲಿ ಯಾರಾದರೊಬ್ಬರು ಹಿರಿಯರು ಇದ್ದೇ ಇರುತ್ತಾರೆ. ಅವರು ಶೂ ಬಿಚ್ಚುತ್ತಾರೆ, ಉಳಿದವರೂ ಬಿಚ್ಚುತ್ತಾರೆ, ಎಲ್ಲರೂ ಬಂದು ಮತ್ತೆ ಸೋಫಾದ ಮೇಲೆ ಕೂರುತ್ತಾರೆ. ನಾನು ಎಲ್ಲರಿಗೂ ನೀರು ಕೊಟ್ಟು, ಬಾಗಿಲಲ್ಲಿ ಶೂಗಳ ಸಾಲು ಭರ್ತಿಯಾಗಿದೆಯೇ ಎಂದು ಒಮ್ಮೆ ನೋಡಿ, ಮತ್ತೆ ಕಾಫಿಗೆ ಇಡುತ್ತೇನೆ.